ಆಕಾಶದ ಫೋಟೊದಲ್ಲಿ ರವೆ: ತಪ್ಪು ಸೆನ್ಸರ್‌ನದೋ, ಲೆನ್ಸ್‌ನದೋ?

ಪ್ರಶ್ನೆ: ನಮ್ಮ ತೋಟ ಮೂಡಿಗೆರೆ ಹತ್ತಿರ. ರಾತ್ರಿ ಕಾಫಿ ಕಣದಲ್ಲಿ ಟ್ರೈಪಾಡ್ ಇಟ್ಟು ಆಕಾಶಗಂಗೆಯ ಫೋಟೊ ತೆಗೆಯುತ್ತೇನೆ. ನನ್ನದು ಹತ್ತು ವರ್ಷ ಹಳೆಯ ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಚಿಪ್ ಚಿಕ್ಕದಿರುವ) ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸ್. ಹೋದ ತಿಂಗಳು ನಮ್ಮ ಭಾವ ಹೊಸ ಫುಲ್ ಫ್ರೇಮ್ (ಚಿಪ್ ದೊಡ್ಡದಿರುವ) ಕ್ಯಾಮೆರಾ, 24 ಎಂಎಂ ಎಫ್/1.8 ಲೆನ್ಸ್ ತಂದಿದ್ದರು. ಪಕ್ಕಪಕ್ಕ ನಿಂತು, ಎರಡರಲ್ಲೂ ಐಎಸ್‌ಒ 3200, 20 ಸೆಕೆಂಡ್ ಇಟ್ಟು ತೆಗೆದೆವು. ಅವರದು ನುಣುಪಾಗಿ ಬಂತು. ನನ್ನದು ರವೆ ಚೆಲ್ಲಿದ ಹಾಗಿದೆ. ಈ ಸಲದ ಕಾಫಿ ದುಡ್ಡಿನಲ್ಲಿ ಕ್ಯಾಮೆರಾ ಬದಲಿಸಿಬಿಡಲೇ?

ಉತ್ತರ: ಸ್ವಲ್ಪ ತಡೆಯಿರಿ. ನೀವಿಬ್ಬರೂ ಆ ರಾತ್ರಿ ಹೋಲಿಸಿದ್ದು ಸೆನ್ಸರ್‌ಗಳನ್ನಲ್ಲ, ಲೆನ್ಸ್‌ಗಳನ್ನು.

ಲೆಕ್ಕ ಸುಲಭ. ಫೋಕಲ್ ಲೆಂಗ್ತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಗೆ ಬರುವ ಕಿಂಡಿಯ ಅಗಲ ಸಿಗುತ್ತದೆ. ನಿಮ್ಮದು 18 ಎಂಎಂ, ಎಫ್/3.5. ಅಂದರೆ ಸುಮಾರು 5 ಮಿಲಿಮೀಟರ್ ಕಿಂಡಿ. ಭಾವನದು 24ನ್ನು 1.8ರಿಂದ ಭಾಗಿಸಿದರೆ 13 ಮಿಲಿಮೀಟರ್ ದಾಟುತ್ತದೆ. ವಿಸ್ತೀರ್ಣದಲ್ಲಿ ನೋಡಿದರೆ ಹತ್ತಿರ ಹತ್ತಿರ ಏಳು ಪಟ್ಟು. ಎರಡೂ ಲೆನ್ಸ್ ಹೆಚ್ಚುಕಡಿಮೆ ಅಷ್ಟೇ ಆಕಾಶವನ್ನು ನೋಡುತ್ತಿವೆ, ಆದರೆ ಅವರ ಕ್ಯಾಮೆರಾಕ್ಕೆ ಏಳು ಪಟ್ಟು ಬೆಳಕು ಬಿದ್ದಿದೆ. ನಿಮ್ಮ ಫೋಟೊ ಕಪ್ಪಾಗಿ ಬಂದಿರಬೇಕು, ಅದನ್ನು ಕಂಪ್ಯೂಟರ್‌ನಲ್ಲಿ ಬೆಳ್ಳಗೆ ಮಾಡಿರುತ್ತೀರಿ. ರವೆ ಎದ್ದು ಕಂಡಿದ್ದು ಆಗ, ಅಲ್ವಾ?

ಬೆಳಕು ಕಮ್ಮಿಯಾದರೆ ರವೆ ಯಾಕೆ ಬರಬೇಕು? ಮಾರ್ಚ್‌ನಲ್ಲಿ ಹೂಮಳೆ ಶುರುವಾಗುವಾಗ ನಿಮ್ಮ ಕಣದ ಸಿಮೆಂಟ್ ನೋಡಿ. ಮೊದಲ ಹನಿಗಳು ಬಿದ್ದಾಗ ಇಲ್ಲಿ ನಾಲ್ಕು ಚುಕ್ಕೆ, ಅಲ್ಲಿ ಒಂದೂ ಇಲ್ಲ. ಹತ್ತು ನಿಮಿಷ ಬಿಟ್ಟರೆ ಇಡೀ ಕಣ ಒಂದೇ ಸಮ ಒದ್ದೆ. ಬೆಳಕೂ ಹನಿಹನಿಯಾಗಿಯೇ ಬರುತ್ತದೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಹನಿ ಬಿದ್ದರೆ ಏರುಪೇರು ಅದರ ವರ್ಗಮೂಲದಷ್ಟು, ಅಂದರೆ 10. ನೂರಕ್ಕೆ ಹತ್ತು. ಅದೇ 10,000 ಹನಿ ಬಿದ್ದರೆ ಏರುಪೇರು 100, ನೂರಕ್ಕೆ ಒಂದೇ. ಇದನ್ನು ಶಾಟ್ ನಾಯ್ಸ್ ಅನ್ನುತ್ತಾರೆ. ಎಷ್ಟು ದುಬಾರಿ ಕ್ಯಾಮೆರಾ ತಂದರೂ ಇದು ಹೋಗುವುದಿಲ್ಲ, ಯಾಕೆಂದರೆ ಇದು ಬೆಳಕಿನದೇ ಗುಣ.

ಐಎಸ್‌ಒ ಜಾಸ್ತಿ ಮಾಡಿದರೆ ನಾಯ್ಸ್, ಅಂದರೆ ಈ ರವೆ, ಬರುತ್ತದೆ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಸುಮ್ನೆ ಅದರ ತಲೆಗೆ ಕಟ್ಟುತ್ತೇವೆ. ಐಎಸ್‌ಒ ಒಂದು ಹನಿ ಬೆಳಕನ್ನೂ ಹೊಸದಾಗಿ ತರುವುದಿಲ್ಲ, ಬಂದದ್ದನ್ನು ಹಿಗ್ಗಿಸಿ ತೋರಿಸುತ್ತದೆ ಅಷ್ಟೇ. ಹಳೆಯ ಕ್ಯಾಮೆರಾಗಳಲ್ಲಂತೂ ಎಷ್ಟೋ ಸಲ ಐಎಸ್‌ಒ 1600ರಲ್ಲಿ ತೆಗೆದ ನೆರಳು, 200ರಲ್ಲಿ ತೆಗೆದು ಆಮೇಲೆ ಎತ್ತಿದ ನೆರಳಿಗಿಂತ ಚೊಕ್ಕಟವಾಗಿರುತ್ತದೆ.

ಹಾಗಂತ ಸೆನ್ಸರ್‌ಗಳಲ್ಲಿ ವ್ಯತ್ಯಾಸವೇ ಇಲ್ಲ ಅಂತಲ್ಲ. ಎರಡು ಕಡೆ ಇದೆ. ಒಂದು, ಬೆಳಕು ಬಿದ್ದು ಪಿಕ್ಸೆಲ್‌ನಲ್ಲಿ ಕೂಡಿದ ಎಲೆಕ್ಟ್ರಾನ್‌ಗಳನ್ನು ಪ್ರತಿ ಸಲ ಅಳೆಯುವಾಗ ಆಗುವ ತಪ್ಪು, ಅಂದರೆ ರೀಡ್ ನಾಯ್ಸ್. ಇನ್ನೊಂದು, ಬೆಳಕೇ ಇಲ್ಲದಿದ್ದರೂ ಬಿಸಿಗೆ ಹುಟ್ಟುವ ಎಲೆಕ್ಟ್ರಾನ್‌ಗಳು. ಸುಮಾರು 6 ಡಿಗ್ರಿ ಬಿಸಿ ಏರಿದರೆ ಈ ಎರಡನೆಯದು ದುಪ್ಪಟ್ಟಾಗುತ್ತದೆ. ಫೆಬ್ರವರಿಯ 14 ಡಿಗ್ರಿ ರಾತ್ರಿಯಲ್ಲಿ ಒಬ್ಬರು, ಏಪ್ರಿಲ್‌ನ 22 ಡಿಗ್ರಿಯಲ್ಲಿ ಇನ್ನೊಬ್ಬರು ತೆಗೆದು ಹೋಲಿಸಿದರೆ ಅಲ್ಲೇ ಎರಡೂವರೆ ಪಟ್ಟು ಅಂತರ.

ನಿಜವಾಗಿ ಸೆನ್ಸರ್‌ಗಳನ್ನೇ ಹೋಲಿಸಬೇಕು ಅಂತಿದ್ದರೆ ಆಕಾಶವೇ ಬೇಡ. ಭಾವ ಮತ್ತೆ ಬಂದಾಗ ಎರಡೂ ಕ್ಯಾಮೆರಾಗಳನ್ನು ಅರ್ಧ ಗಂಟೆ ಒಂದೇ ಕಡೆ ಹೊರಗಿಡಿ. ಲೆನ್ಸ್‌ಗೆ ಮುಚ್ಚಳ ಹಾಕಿ. ಕಣ್ಣಿಟ್ಟು ನೋಡುವ ಕಿಂಡಿಯಿಂದಲೂ ಬೆಳಕು ನುಸುಳುತ್ತದೆ, ಅದಕ್ಕೊಂದು ಕಪ್ಪು ಬಟ್ಟೆ ಹಾಕಿ. ಮೆನುವಿನಲ್ಲಿ ನಾಯ್ಸ್ ರಿಡಕ್ಷನ್ ಅಂತ ಇರುವುದನ್ನೆಲ್ಲ ಆಫ್ ಮಾಡಿ, ಜೆಪೆಗ್ ಬಿಟ್ಟು ರಾ (ಕಚ್ಚಾ) ಫೈಲ್‌ನಲ್ಲಿ, ಅದೇ ಐಎಸ್‌ಒ, ಅದೇ ಸಮಯ ಇಟ್ಟು ಸಾಲಾಗಿ ಮೂವತ್ತು ಫೋಟೊ ತೆಗೆಯಿರಿ. ಆಮೇಲೆ ಎರಡನ್ನೂ ಒಂದೇ ಅಳತೆಗೆ ಇಳಿಸಿ, ಒಂದೇ ಪ್ರಮಾಣದಲ್ಲಿ ಬೆಳ್ಳಗೆ ಮಾಡಿ ನೋಡಿ. ಒಂದರಲ್ಲಿ 24, ಇನ್ನೊಂದರಲ್ಲಿ 45 ಮೆಗಾಪಿಕ್ಸೆಲ್ ಇರುವಾಗ ಪಿಕ್ಸೆಲ್ ಪಿಕ್ಸೆಲ್ಲಾಗಿ ಹಿಗ್ಗಿಸಿ ಹೋಲಿಸಿದರೆ ದೊಡ್ಡ ಫೈಲ್‌ಗೆ ಅನ್ಯಾಯ. ಮೊದಲನೆಯದಕ್ಕೂ ಮೂವತ್ತನೆಯದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ, ಕ್ಯಾಮೆರಾ ಎಷ್ಟು ಬಿಸಿಯಾಗುತ್ತದೆ ಅನ್ನುವುದು ಗೊತ್ತಾಗುತ್ತದೆ.

ಆ ಕಪ್ಪು ಫೋಟೊದಲ್ಲಿ ನಾನು ಮೊದಲು ಹುಡುಕುವುದು ರವೆಯನ್ನಲ್ಲ, ಗೆರೆಗಳನ್ನು. ರವೆ ಎಲ್ಲೆಂದರಲ್ಲಿ ಬೀಳುತ್ತದೆ, ಹತ್ತಾರು ಫೋಟೊ ಸೇರಿಸಿದರೆ ಅಡಗುತ್ತದೆ. ಅಡ್ಡ ಉದ್ದ ಪಟ್ಟೆ ಬಂದು, ಅದೂ ಪ್ರತಿ ಫೋಟೊದಲ್ಲಿ ಅದೇ ಜಾಗದಲ್ಲಿ ಕೂತಿದ್ದರೆ ಎಷ್ಟು ಸೇರಿಸಿದರೂ ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಳ್ಳುವವರು ಇದೊಂದನ್ನು ನೋಡಿಕೊಂಡರೂ ಸಾಕು. ಇನ್ನೊಂದು ಎಚ್ಚರ: ತೀರಾ ಚೊಕ್ಕಟ ಕಂಡರೂ ನಂಬಬೇಡಿ. ಕೆಲವು ಕ್ಯಾಮೆರಾಗಳು ರಾ ಫೈಲನ್ನೂ ಒಳಗೊಳಗೇ ಒರೆಸುತ್ತವೆ, ಒರೆಸುವಾಗ ಸಣ್ಣ ನಕ್ಷತ್ರಗಳನ್ನೂ ನುಂಗುತ್ತವೆ.

ಈಗ ನಿಮ್ಮ ಕಾಫಿ ದುಡ್ಡಿಗೆ ಬರೋಣ. ಎನ್ ಫೋಟೊಗಳನ್ನು ಸೇರಿಸಿದರೆ ರವೆ ಎನ್‌ನ ವರ್ಗಮೂಲದಷ್ಟು ಪಟ್ಟು ಇಳಿಯುತ್ತದೆ. ಭಾವನಿಗೆ ಏಳು ಪಟ್ಟು ಬೆಳಕು ಸಿಕ್ಕಿತ್ತಲ್ಲ, ನೀವು ಏಳು ಫೋಟೊ ತೆಗೆದು ಸೇರಿಸಿದರೆ ಹೆಚ್ಚುಕಡಿಮೆ ಅವರ ಒಂದು ಫೋಟೊಗೆ ಸಮ. ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳಿವೆ, ಎರಡೂ ಉಚಿತ. ಖರ್ಚು ಮಾಡಲೇಬೇಕು ಅನಿಸಿದರೆ ಈ ಕ್ಯಾಮೆರಾಕ್ಕೇ ಒಂದು 16 ಎಂಎಂ ಎಫ್/1.4 ಲೆನ್ಸ್ ನೋಡಿ, ಬೆಳಕು ಐದು ಪಟ್ಟು ಆಗುತ್ತದೆ. ಕ್ಯಾಮೆರಾ ಬದಲಿಸಿ, ಲೆನ್ಸ್ ಮಾತ್ರ ಎಫ್/3.5ರದ್ದೇ ಇಟ್ಟುಕೊಂಡರೆ ನಿಮಗೆ ಬೇಜಾರಾಗುವುದು ಖಂಡಿತ.

ಸೇರಿಸುವಾಗ, ಬಿಸಿಗೆ ಹುಟ್ಟಿದ ಚುಕ್ಕೆಗಳನ್ನು ಕಳೆಯಲು, ಮುಚ್ಚಳ ಹಾಕಿ ತೆಗೆದ ಡಾರ್ಕ್ ಫ್ರೇಮ್‌ಗಳೂ ಬೇಕು. ಅವನ್ನು ಅದೇ ರಾತ್ರಿ, ಅದೇ ಚಳಿಯಲ್ಲಿ ತೆಗೆಯಿರಿ. ನಾನೊಮ್ಮೆ ನಿದ್ದೆ ತಡೆಯಲಾರದೆ ಮಾರನೆಯ ಮಧ್ಯಾಹ್ನ ಮನೆಯೊಳಗೆ ತೆಗೆದೆ. ಬಿಸಿಯ ಡಾರ್ಕನ್ನು ಚಳಿಯ ಫೋಟೊದಿಂದ ಕಳೆದದ್ದೇ ತಡ, ಆಕಾಶಗಂಗೆಯ ತುಂಬ ಕಪ್ಪು ತೂತುಗಳು.

ಪ್ರಶ್ನೆ: ನಾನು ಹಾಸನ ಪೇಟೆಯಲ್ಲೇ ಇರುವುದು, ಮಹಡಿ ಮೇಲಿಂದ ತೆಗೆಯುತ್ತೇನೆ. ಒಂದು ಕ್ಯಾಮೆರಾದ ರೀಡ್ ನಾಯ್ಸ್ 3 ಎಲೆಕ್ಟ್ರಾನ್, ಇನ್ನೊಂದರದ್ದು 1.5. ಎರಡನೆಯದು ದುಬಾರಿ. ಯಾವುದು ಕೊಳ್ಳಲಿ?

ಉತ್ತರ: ಅಗ್ಗದ್ದು. ನಿಮ್ಮ ಬೀದಿ ದೀಪದ ಬೆಳಕೇ ಆಕಾಶಕ್ಕೆ ಬಡಿದು ಪ್ರತಿ ಪಿಕ್ಸೆಲ್‌ಗೆ 400 ಎಲೆಕ್ಟ್ರಾನ್ ತುಂಬಿತು ಅಂತಿಟ್ಟುಕೊಳ್ಳಿ. ಅದರ ಏರುಪೇರೇ 20. ನಾಯ್ಸ್‌ಗಳನ್ನು ವರ್ಗ ಮಾಡಿ ಕೂಡಬೇಕು: 400ಕ್ಕೆ 3ರ ವರ್ಗ 9 ಸೇರಿಸಿ, ವರ್ಗಮೂಲ ತೆಗೆದರೆ 20.2. ದುಬಾರಿಯದರಲ್ಲಿ 20.1. ಯಾರ ಕಣ್ಣಿಗೂ ಕಾಣದು. ಅದೇ ಬಿಸಿಲೆ ಘಾಟಿಯ ಕತ್ತಲಲ್ಲಿ 25 ಎಲೆಕ್ಟ್ರಾನ್ ಮಾತ್ರ ಬಂದರೆ ಒಂದರಲ್ಲಿ 5.8, ಇನ್ನೊಂದರಲ್ಲಿ 5.2. ಅಲ್ಲಿ ಸ್ವಲ್ಪ ಲಾಭ ಇದೆ. ಉಳಿದ ದುಡ್ಡಲ್ಲಿ ಪೆಟ್ರೋಲ್ ಹಾಕಿಸಿ ಆ ಕಡೆಗೇ ಹೋಗಿಬನ್ನಿ.

ಪ್ರಶ್ನೆ: ಸಕಲೇಶಪುರದಲ್ಲಿ ಟ್ರೈಪಾಡ್ ಮೇಲೆ ಎರಡು ನಿಮಿಷದ ಫೋಟೊ ತೆಗೆದೆ. ನಕ್ಷತ್ರಗಳೆಲ್ಲ ಗೆರೆಯಾಗಿವೆ, ಒಂದು ಮಾತ್ರ ಚುಕ್ಕೆಯಾಗೇ ನಿಂತಿದೆ. ಸೆನ್ಸರ್ ಹಾಳಾಯಿತೇ?

ಉತ್ತರ: ಬಹುತೇಕ ಹಾಟ್ ಪಿಕ್ಸೆಲ್, ಅಂದರೆ ಬೆಳಕು ಬೀಳದಿದ್ದರೂ ಬೆಳಗಿ ಕಾಣುವ ಪಿಕ್ಸೆಲ್ ಇರಬೇಕು. ಹಾಟ್ ಪಿಕ್ಸೆಲ್ ಎಲ್ಲ ಕ್ಯಾಮೆರಾಗಳಲ್ಲೂ ಇರುತ್ತದೆ, ಹೆದರಬೇಡಿ. ಮುಚ್ಚಳ ಹಾಕಿ ಎರಡು ನಿಮಿಷ ತೆಗೆಯಿರಿ, ಅದೇ ಜಾಗದಲ್ಲಿ ಚುಕ್ಕೆ ಬಂದರೆ ಅದೇ.

ಬರದಿದ್ದರೆ ಇನ್ನೂ ಮಜಾ. ಆ ಚುಕ್ಕೆ ಮಹಾವ್ಯಾಧನ (ಒರಾಯನ್ ನಕ್ಷತ್ರಪುಂಜದ) ನಡುಪಟ್ಟಿಯ ಮೂರು ನಕ್ಷತ್ರಗಳು ಸಾಗುವ ದಾರಿಯಲ್ಲೋ, ಅದಕ್ಕಿಂತ ತುಸು ದಕ್ಷಿಣಕ್ಕೋ ಇದೆಯಾ ನೋಡಿ. ಅದು ಭೂಸ್ಥಿರ ಉಪಗ್ರಹ ಇರಬಹುದು. ಸುಮಾರು 36,000 ಕಿಲೋಮೀಟರ್ ಮೇಲೆ ಭೂಮಿಯ ಜೊತೆಗೇ ತಿರುಗುವುದರಿಂದ ಅದು ನಮಗೆ ನಿಂತಲ್ಲೇ ನಿಂತ ಹಾಗೆ ಕಾಣುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಇವು ಬಿಸಿಲಿಗೆ ಮಿಂಚುವುದು ಜಾಸ್ತಿ. ನಮ್ಮ ದೇಶದ ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ನಿಮ್ಮ ಜಿಲ್ಲೆಯಲ್ಲೇ, ಹಾಸನದಲ್ಲಿ. ಮುಚ್ಚಳದ ಫೋಟೊದಲ್ಲಿ ಚುಕ್ಕೆ ಬರಲಿಲ್ಲ ಅಂದರೆ ಮೂಲ ರಾ ಫೈಲನ್ನು ನನಗೊಮ್ಮೆ ಕಳಿಸಿ.