ಸಕ್ಕರೆ ಕಾಯಿಲೆ ಇದ್ದರೆ ಕಿವಿಯೂ ಮಂದವಾಗುತ್ತಾ?

ಹೌದು, ಸಂಬಂಧ ಇದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಸಕ್ಕರೆ ಕಾಯಿಲೆ ಇರುವವರಲ್ಲಿ ಕಿವಿ ಮಂದವಾಗುವುದು ಉಳಿದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಪುಟ್ಟ ಭಾಗವಿದೆ, ಅದೇ ಕಾಕ್ಲಿಯಾ. ಅದರೊಳಗಿನ ಕೂದಲುಕೋಶಗಳು ಶಬ್ದವನ್ನು ನರಕ್ಕೆ ದಾಟಿಸುತ್ತವೆ. ಅಲ್ಲಿಗೆ ರಕ್ತ ಬರುವುದು ತೀರಾ ಸಣ್ಣ ನಾಳಗಳಿಂದ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಆ ನಾಳಗಳು ಹಾಳಾಗುತ್ತವೆ, ಕಣ್ಣಿನಲ್ಲಿ, ಕಿಡ್ನಿಯಲ್ಲಿ ಆಗುವ ಹಾಗೆಯೇ. ಸತ್ತ ಕೂದಲುಕೋಶ ಮತ್ತೆ ಹುಟ್ಟುವುದಿಲ್ಲ.

ನೋವಿರುವುದಿಲ್ಲ, ಅದಕ್ಕೇ ಗೊತ್ತಾಗುವುದು ತಡ. ಸಾಮಾನ್ಯವಾಗಿ ಮೊದಲು ಕೈತಪ್ಪುವುದು ಕೀರಲು ಸದ್ದುಗಳು. ಮಿಕ್ಸಿ ಓಡುವಾಗ ಮೊಮ್ಮಗಳು ಕರೆದರೆ ಅಜ್ಜಿ ‘ಏನಂದೆ?’ ಅನ್ನುತ್ತಾರೆ. ‘ವಯಸ್ಸಾಯ್ತು ಅಲ್ವಾ’ ಅಂತ ಮನೆಯವರು ಸುಮ್ನಾಗುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ.

ವರ್ಷಕ್ಕೊಮ್ಮೆ ಕಣ್ಣು ತೋರಿಸುವಾಗ ಆಡಿಯೋಮೆಟ್ರಿಯನ್ನೂ (ಕಿವಿ ಎಷ್ಟು ಕೇಳಿಸುತ್ತದೆ ಅಂತ ಅಳೆಯುವ ಪರೀಕ್ಷೆ) ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಪರೀಕ್ಷೆ ಇದೆ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಂತಾದರೆ ಮಾತ್ರ ಕಾಯಲೇಬೇಡಿ, ಅವತ್ತೇ ಇಎನ್‌ಟಿ ವೈದ್ಯರ ಹತ್ತಿರ ಹೋಗಿ. ಅದಕ್ಕೆ ಸ್ಟಿರಾಯ್ಡ್ ಮಾತ್ರೆ ಕೊಡುವುದುಂಟು, ಅದರಿಂದ ಸಕ್ಕರೆ ಏರುತ್ತದೆ. ನಿಮಗೆ ಸಕ್ಕರೆ ಕಾಯಿಲೆ ಇದೆ ಅಂತ ಮೊದಲೇ ಹೇಳಿಬಿಡಿ.