ತಲುಪಿದ ಮರುದಿನವೇ ಶಿಬಿರ ಆರಂಭಿಸಬೇಕೇ?

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಿಂದ ಎಂಟು ಜನರ ತಂಡ ಮುಂದಿನ ತಿಂಗಳು ಆರು ವಾರಗಳ ಸೇವೆಗಾಗಿ ವಿದೇಶಕ್ಕೆ ಹೊರಟಿದೆ. ನನಗೆ ಇದು ಮೊದಲ ಪ್ರಯಾಣ. ಕಾಣಿಕೆ ಕೊಟ್ಟು ಕಳುಹಿಸುವವರ ಹಣ ವ್ಯರ್ಥವಾಗಬಾರದು, ಆದ್ದರಿಂದ ತಲುಪಿದ ಮರುದಿನವೇ ಮಕ್ಕಳ ಶಿಬಿರ ಆರಂಭಿಸಬೇಕೆಂದು ತಂಡದಲ್ಲಿ ಕೆಲವರು ಹೇಳುತ್ತಿದ್ದಾರೆ. ಹೊಸ ಭಾಷೆ, ಹೊಸ ಊಟ, ಹಗಲು ರಾತ್ರಿಯ ವ್ಯತ್ಯಾಸ ಇವನ್ನೆಲ್ಲ ನೆನೆದರೆ ನನಗೆ ಅಳುಕಾಗುತ್ತದೆ. ಮೊದಲ ದಿನಗಳನ್ನು ಹೇಗೆ ಕಳೆಯಬೇಕು?

ಉತ್ತರ: ಸಹೋದರಿ, ನಿಮ್ಮ ಅಳುಕನ್ನು ತಂಡದ ಮುಂದೆ ಹೇಳಿಬಿಡಿ, ಅದರಲ್ಲಿ ನ್ಯಾಯವಿದೆ. ಬೈಬಲಿನಲ್ಲಿ ಯೆರೂಸಲೇಮಿನ ಗೋಡೆಯನ್ನು ಕಟ್ಟಲು ದೂರದಿಂದ ಬಂದ ನೆಹೆಮೀಯನ ಕೈಯಲ್ಲಿ ರಾಜನ ಪತ್ರಗಳಿದ್ದವು, ಜೊತೆಗೆ ಕುದುರೆಸವಾರರೂ ಇದ್ದರು. ಆದರೂ ಅವನು ಮೂರು ದಿನ ಪಟ್ಟಣದಲ್ಲಿ ಸುಮ್ಮನಿದ್ದು, ಬಳಿಕ ರಾತ್ರಿ ಹೊತ್ತಿನಲ್ಲಿ ಕೆಲವರನ್ನಷ್ಟೇ ಕರೆದುಕೊಂಡು ಹೋಗಿ ಕೆಡವಲ್ಪಟ್ಟ ಗೋಡೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಜನರೊಂದಿಗೆ ಕೆಲಸದ ಮಾತೆತ್ತಿದನು. ಆರು ವಾರಗಳಲ್ಲಿ ನೀವು ಮೂರು ದಿನಗಳನ್ನು ಹೀಗೆ ಕಳೆದರೆ ಯಾರ ಕಾಣಿಕೆಯೂ ವ್ಯರ್ಥವಾಗುವುದಿಲ್ಲ. ನಿದ್ರೆಗೆಟ್ಟ ಎಂಟು ಜನರು ನಡೆಸುವ ಶಿಬಿರದಿಂದ ಮಕ್ಕಳಿಗೂ ಪ್ರಯೋಜನವಿಲ್ಲ.

ನಮ್ಮ ದೇಹದ ಗಡಿಯಾರ ಹೊಸ ಸಮಯಕ್ಕೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ. ಪೂರ್ವ ದಿಕ್ಕಿಗೆ ಹೋದವರಿಗೆ ರಾತ್ರಿ ಬೇಗ ನಿದ್ರೆ ಬಾರದು, ಪಶ್ಚಿಮಕ್ಕೆ ಹೋದವರಿಗೆ ನಸುಕಿಗಿಂತ ಮೊದಲೇ ಎಚ್ಚರವಾಗುತ್ತದೆ. ಇವೆರಡರಲ್ಲಿ ಪೂರ್ವದ ಪ್ರಯಾಣವೇ ಹೆಚ್ಚಿನವರಿಗೆ ಕಷ್ಟ. ಹಗಲಿನ ಬೆಳಕಿನಲ್ಲಿ ಓಡಾಡಿ, ಊಟವನ್ನು ಅಲ್ಲಿಯ ಹೊತ್ತಿಗೇ ಮಾಡಿ, ತಡೆಯಲಾಗದಿದ್ದರೆ ಮಧ್ಯಾಹ್ನ ಅರ್ಧ ಗಂಟೆಯೊಳಗೆ ಮುಗಿಯುವಂತೆ ಮಲಗಿ. ಆ ದಿನಗಳಲ್ಲಿ ತಂಡದ ಯಾರೂ ವಾಹನ ಓಡಿಸದಿರುವುದು ಲೇಸು.

ಕೆಲವು ಕೆಲಸಗಳನ್ನು ಈ ವಾರವೇ ಮಾಡಬೇಕು. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವನ್ನು ಕೇಳುವ ದೇಶವಾದರೆ, ಲಸಿಕೆ ಹಾಕಿಸಿಕೊಂಡ 10 ದಿನಗಳ ನಂತರವಷ್ಟೇ ಅದು ಮಾನ್ಯವಾಗುತ್ತದೆ. ಮಲೇರಿಯಾ ತಡೆಯುವ ಮಾತ್ರೆಗಳನ್ನೂ ಹೊರಡುವ ಮೊದಲೇ ಆರಂಭಿಸಬೇಕು. ಕೆಲವನ್ನು ಒಂದೆರಡು ದಿನ ಮೊದಲು, ಕೆಲವನ್ನು ವಾರಗಳ ಮೊದಲು. ಆದ್ದರಿಂದ ವೈದ್ಯರನ್ನು ಈಗಲೇ ಕಾಣಿರಿ. ನಿಮ್ಮ ವೀಸಾದಲ್ಲಿ ಧಾರ್ಮಿಕ ಸೇವೆಗೆ ಅನುಮತಿ ಇದೆಯೇ ಎಂಬುದನ್ನೂ ನಾಯಕರಿಂದ ಸ್ಪಷ್ಟವಾಗಿ ಕೇಳಿ ತಿಳಿದುಕೊಳ್ಳಿ. ಅಲ್ಲಿ ನೀರಿನ ಬಗ್ಗೆ ಸಂದೇಹವಿದ್ದರೆ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ, 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ ಕುದಿಸಿದ ನೀರನ್ನೇ ಕುಡಿಯಿರಿ. ಹಲ್ಲುಜ್ಜಲೂ ಅದೇ ನೀರು ಇರಲಿ.

ಇನ್ನು ನನ್ನ ಮನಸ್ಸಿಗೆ ಹತ್ತಿರವಾದ ಮಾತಿಗೆ ಬರುತ್ತೇನೆ. ನೀವು ಹೋಗುವ ಊರಿನಲ್ಲಿ ದೇವರ ಕೆಲಸ ನಿಮ್ಮ ವಿಮಾನ ಇಳಿದ ದಿನ ಆರಂಭವಾಗುವುದಿಲ್ಲ. ಅಲ್ಲಿಯ ವಿಶ್ವಾಸಿಗಳು ಅದನ್ನು ವರ್ಷಗಳಿಂದ ಮಾಡುತ್ತಾ ಬಂದಿದ್ದಾರೆ, ನೀವು ಮರಳಿದ ಮೇಲೂ ಮಾಡುತ್ತಾರೆ. ಆದ್ದರಿಂದ ಮೊದಲ ದಿನಗಳಲ್ಲಿ ಅಲ್ಲಿಯ ಸಭಾಪಾಲಕರ ಬಳಿ ಕುಳಿತು, ಹಿರಿಯರನ್ನು ಹೇಗೆ ಮಾತನಾಡಿಸಬೇಕು, ಯಾವ ಉಡುಪು ಸರಿ, ಯಾವ ಮಾತು ನೋಯಿಸುತ್ತದೆ ಎಂದು ಕೇಳಿ. ಶಿಬಿರ ಯಾವಾಗ, ಹೇಗೆ ನಡೆಯಬೇಕೆಂಬುದನ್ನೂ ಅವರೇ ತೀರ್ಮಾನಿಸಲಿ. ಉಡುಗೊರೆಗಳನ್ನು ಕೊಡುವುದಾದರೆ ಅವರ ಕೈಯಿಂದಲೇ ಕೊಡಿಸಿ. ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳ ಫೋಟೊ ತೆಗೆಯಬೇಡಿ, ಯಾವ ಮಗುವಿನ ಜೊತೆಗೂ ಒಬ್ಬರೇ ಇರಬೇಡಿ. “ಮತ್ತೆ ಬರುತ್ತೇನೆ” ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಅದನ್ನು ನಂಬಿ ಕಾಯುವ ಮಗುವನ್ನು ನೆನೆದು ತಡೆಯಿರಿ.

ಭಾಷೆಯ ಬಗ್ಗೆ ಹೆದರಬೇಡಿ. ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸೇವಾಸಂಸ್ಥೆಯಿಂದ ಭಾರತಕ್ಕೆ ಬಂದಾಗ 21 ವರ್ಷದ ಯುವಕ. ಅವರ ಕನ್ನಡ ನಿಘಂಟು ಪ್ರಕಟವಾದದ್ದು 1894ರಲ್ಲಿ. ಆರು ವಾರಗಳಲ್ಲಿ ನಿಮ್ಮಿಂದ ಯಾರೂ ಪಾಂಡಿತ್ಯವನ್ನು ನಿರೀಕ್ಷಿಸುವುದಿಲ್ಲ. ನಮಸ್ಕಾರ, ಕೃತಜ್ಞತೆ, ಕ್ಷಮೆ ಹೇಳುವ ಮಾತು, “ಇದಕ್ಕೆ ಏನನ್ನುತ್ತಾರೆ?” ಎಂಬ ಪ್ರಶ್ನೆ, ಇಷ್ಟನ್ನು ಮೊದಲ ದಿನವೇ ಕಲಿಯಿರಿ, ತಪ್ಪಿದಾಗ ತಿದ್ದುವ ಮಕ್ಕಳೇ ನಿಮ್ಮ ಗುರುಗಳಾಗುತ್ತಾರೆ.

ಪ್ರಶ್ನೆ: ಹಿಂದೆ ಹೋಗಿಬಂದ ಒಬ್ಬರು ಅಲ್ಲಿ ಎರಡನೆಯ ವಾರದಲ್ಲಿ ದಿನವೂ ಅತ್ತರಂತೆ. ಅದು ನಂಬಿಕೆಯ ಕೊರತೆಯೇ?

ಉತ್ತರ: ಖಂಡಿತ ಅಲ್ಲ. ಮಾನವಶಾಸ್ತ್ರಜ್ಞ ಕಾಲೆರ್ವೊ ಒಬರ್ಗ್ 1960ರ ಲೇಖನವೊಂದರಲ್ಲಿ ಇದನ್ನು ಹೊರನಾಡಿಗೆ ಹೋದವರಿಗೆ ಬರುವ ಒಂದು ಬಗೆಯ ಕಾಯಿಲೆ ಎಂದೇ ವಿವರಿಸಿದರು. ಮೊದಲು ಎಲ್ಲವೂ ಸೊಗಸಾಗಿ ಕಾಣುತ್ತದೆ. ಆಮೇಲೆ ಪದೇ ಪದೇ ಕೈ ತೊಳೆಯುವುದು, ನೀರು ಊಟಗಳ ಬಗ್ಗೆ ಅತಿಯಾದ ಭಯ, ಎಲ್ಲರೂ ಮೋಸ ಮಾಡುತ್ತಾರೆಂಬ ಅನುಮಾನ, ಮನೆಗೆ ಮರಳುವ ತೀವ್ರ ಹಂಬಲ ಇವೆಲ್ಲ ತಲೆದೋರುತ್ತವೆ. ಅಂಥ ದಿನ ಬಂದರೆ ಮರೆಮಾಚದೆ ತಂಡದ ಒಬ್ಬರಿಗಾದರೂ ಹೇಳಿ, ಅವರೊಡನೆ ಪ್ರಾರ್ಥಿಸಿ, ಆ ರಾತ್ರಿ ಬೇಗ ಮಲಗಿ. ಮನೆಯವರಿಗೆ ವಾರಕ್ಕೆ ಎರಡು ಸಲ ಕರೆ ಮಾಡುವ ಹೊತ್ತನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ. ಅಳು ಬಂದಾಗಲೆಲ್ಲ ಫೋನ್ ಹಿಡಿದರೆ ನಿಮಗೂ ಸಮಾಧಾನವಾಗುವುದಿಲ್ಲ, ದೂರದಲ್ಲಿರುವ ತಾಯಿಗೂ ನಿದ್ರೆ ಬರುವುದಿಲ್ಲ.