ಸಂಪಾದಕರ ಉತ್ತರ: ಕಳ್ಳರ ಸುದ್ದಿ ಅಚ್ಚು ಹಾಕುವ ಮುನ್ನ

ಮುಂಬಯಿ ಕನ್ನಡಿಗರ ಈ ಪತ್ರಿಕೆಗೆ ಡೊಂಬಿವಲಿ ಪೂರ್ವದಿಂದ ಗೃಹಿಣಿಯೊಬ್ಬರು ಬರೆದಿದ್ದಾರೆ: "ನಿಮ್ಮ ಪತ್ರಿಕೆಯಲ್ಲಿ ಸಂಘಗಳ ವಾರ್ಷಿಕೋತ್ಸವ, ಸನ್ಮಾನ, ಯಕ್ಷಗಾನದ ಸುದ್ದಿ ತಪ್ಪದೆ ಬರುತ್ತದೆ. ನಾವಿರುವ ಓಣಿಯಲ್ಲಿ ಏನಾಗುತ್ತಿದೆ ಎಂಬ ಸುದ್ದಿ ಮಾತ್ರ ಇರುವುದಿಲ್ಲ. ಪಕ್ಕದ ಬಿಲ್ಡಿಂಗಿನ ಅಜ್ಜಿಯ ಬಳೆ, ಕರಿಮಣಿ ಎರಡೂ ಹೋದವು. ಪೊಲೀಸರು ಅಂತ ಹೇಳಿಕೊಂಡು ಬಂದವರು ಹಗಲಲ್ಲೇ ಒಯ್ದರು. ಮನೆಯವರು ಕಂಪ್ಲೇಂಟ್ ಕೊಟ್ಟಿಲ್ಲ. ನಮ್ಮ ಸೊಸೈಟಿ ಗ್ರೂಪಿಗೆ ಬಂದ ಒಂದು ಮೆಸೇಜನ್ನೂ ಕಳಿಸಿದ್ದೇನೆ. ಮಕ್ಕಳ ಕಳ್ಳರ ಗ್ಯಾಂಗ್ ಕಲ್ಯಾಣ್‌ನಲ್ಲಿ ಇಳಿದಿದೆಯಂತೆ. ಎರಡನ್ನೂ ಅಚ್ಚು ಹಾಕಿ. ಪ್ರತಿ ಸಂಚಿಕೆಯಲ್ಲೂ ಇಂಥದ್ದಕ್ಕೆ ಒಂದು ಪುಟ ಕೊಡಿ."

ಅಕ್ಕ, ನಮಸ್ಕಾರ.

ಪುಟ ಕೊಡುತ್ತೇವೆ. ಅಜ್ಜಿಯ ಸುದ್ದಿ ಈಗಲೇ ಹಾಕುತ್ತೇವೆ. ಆ ಮೆಸೇಜನ್ನು ಮಾತ್ರ ಹಾಕುವುದಿಲ್ಲ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳಬೇಕಾಗಿದೆ.

ಮೊದಲು ಅಜ್ಜಿಯ ವಿಷಯ. ಈ ಮೋಸ ಮುಂಬಯಿ, ಥಾಣೆ, ಪುಣೆ ಮೂರೂ ಕಡೆ ಹಳೆಯದು. ಬೆಳಿಗ್ಗೆ ದೇವಸ್ಥಾನಕ್ಕೋ ತರಕಾರಿಗೋ ಒಬ್ಬರೇ ಹೊರಟ ವಯಸ್ಸಾದವರನ್ನೇ ನೋಡಿ ಹಿಡಿಯುತ್ತಾರೆ. ಬೈಕಿನಲ್ಲಿ ಬಂದವನು ಮರ್ಯಾದೆಯಿಂದಲೇ ಮಾತಾಡಿಸುತ್ತಾನೆ: "ಮಾವಶಿ, ಪುಢೆ ಚೋರಿ ಝಾಲಿ ಆಹೆ." ಮುಂದೆ ಕಳ್ಳತನ ಆಗಿದೆ, ಇಷ್ಟು ಚಿನ್ನ ಹಾಕಿಕೊಂಡು ಓಡಾಡಬೇಡಿ, ತೆಗೆದು ಕಟ್ಟಿಡಿ ಅಂತ. ಒಂದು ಕಾರ್ಡನ್ನು ಹೀಗೆ ತೋರಿಸಿ ಹಾಗೆ ಜೇಬಿಗೆ ಹಾಕುತ್ತಾನೆ. ಅಷ್ಟರಲ್ಲಿ ಅದೇ ದಾರಿಯಲ್ಲಿ ಇನ್ನೊಬ್ಬ ನಡೆದು ಬರುತ್ತಾನೆ. 'ಪೊಲೀಸ್' ಅವನನ್ನೂ ನಿಲ್ಲಿಸಿ ಗದರಿಸುತ್ತಾನೆ. ಅವನು ಸುಮ್ನೆ ತನ್ನ ಸರ ಬಿಚ್ಚಿ ಕೊಡುತ್ತಾನೆ. ಅದನ್ನು ಕಾಗದದಲ್ಲಿ ಸುತ್ತಿ ಅವನ ಕೈಗೇ ವಾಪಸ್ ಕೊಡುತ್ತಾರೆ. ಅಜ್ಜಿಯ ಭಯ ಹೋಗುವುದು ಇಲ್ಲೇ. ಆ ಎರಡನೆಯವನೂ ಅವರದೇ ಆಳು ಅಂತ ಯಾರಿಗೆ ಹೊಳೆಯುತ್ತದೆ? ಬಳೆ ಬಿಚ್ಚಿ ಕೊಟ್ಟರೆ ಆ 'ಪೊಲೀಸ್' ತಾನೇ ಪೊಟ್ಟಣ ಕಟ್ಟಿ ಚೀಲದೊಳಗೆ ಇಟ್ಟುಕೊಡುತ್ತಾನೆ. ಮನೆಗೆ ಬಂದು ಬಿಚ್ಚಿದರೆ ಒಳಗೆ ಕಲ್ಲು.

ಚಿನ್ನ ಬಿಚ್ಚಿ ಪೊಟ್ಟಣ ಕಟ್ಟಿಕೊಡುವ ಕೆಲಸ ಯಾವ ಪೊಲೀಸರದ್ದೂ ಅಲ್ಲ. ಮನೆಯಲ್ಲಿ ಹಿರಿಯರಿದ್ದರೆ ಈ ಒಂದು ಮಾತನ್ನು ಅವರ ಕಿವಿಗೆ ಹಾಕಿ. ಹಾಗೆ ಕೇಳಿದವನಿಗೆ "ಸ್ಟೇಷನ್ನಿಗೆ ಹೋಗೋಣ ಬಾ" ಅಂದು ಹತ್ತಿರದ ಅಂಗಡಿಗೆ ನುಗ್ಗಿ 112ಕ್ಕೆ ಫೋನ್ ಮಾಡಲಿ.

ಮನೆಯವರು ಕಂಪ್ಲೇಂಟ್ ಕೊಟ್ಟಿಲ್ಲ ಎಂದು ಓದಿ ನನಗೆ ಬಹಳ ಬೇಜಾರಾಯಿತು. ಕಾರಣ ನೀವು ಬರೆದಿಲ್ಲ, ಆದರೂ ಊಹಿಸಬಲ್ಲೆ. "ಇಷ್ಟು ವರ್ಷ ಮುಂಬಯಿಯಲ್ಲಿದ್ದು ಇಷ್ಟೂ ಗೊತ್ತಾಗಲಿಲ್ವಾ" ಅಂತ ನಾಲ್ಕು ಜನ ಕೇಳುತ್ತಾರೆ ಎಂಬ ನಾಚಿಕೆ. ಅಜ್ಜಿ ಮಾಡಿದ ತಪ್ಪೇನು? ಕಳ್ಳರೆಲ್ಲ ಸೇರಿ ಆಡಿದ ನಾಟಕ ಅದು. ಯಾರೇ ಆಗಿದ್ದರೂ ಬಳೆ ಬಿಚ್ಚುತ್ತಿದ್ದರು. ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಕಂಪ್ಲೇಂಟ್ ಈಗಲೂ ಕೊಡಬಹುದು. ಅದು ಬರೀ ಕಳೆದ ಚಿನ್ನಕ್ಕಲ್ಲ. ಆ ರಸ್ತೆಯಲ್ಲಿ ಹೀಗಾಗಿದೆ ಅಂತ ಸ್ಟೇಷನ್ನಿನ ಪುಸ್ತಕದಲ್ಲಿ ದಾಖಲಾಗದಿದ್ದರೆ ಬೆಳಗಿನ ಗಸ್ತು ಅಲ್ಲಿಗೆ ಬರುವುದಾದರೂ ಹೇಗೆ? ಯಾವ ಸ್ಟೇಷನ್ನಿನ ವ್ಯಾಪ್ತಿ ಅಂತ ತಲೆ ಕೆಡಿಸಿಕೊಳ್ಳಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಇಂಥ ದೂರನ್ನು ಯಾವ ಸ್ಟೇಷನ್ನಿನಲ್ಲಾದರೂ ಕೊಡಬಹುದು. ಎಫ್‌ಐಆರ್ ಪ್ರತಿ ಬಿಟ್ಟಿ ಕೊಡಬೇಕು. ಬರೆದುಕೊಂಡದ್ದನ್ನು ಓದಿ ಹೇಳಬೇಕು. ನಮ್ಮವರು ಇಲ್ಲೇ ಎಡವುತ್ತಾರೆ. ಬರಹ ಮರಾಠಿಯಲ್ಲಿರುತ್ತದೆ, ಮುಜುಗರಕ್ಕೆ ಸುಮ್ಮನೆ ಸಹಿ ಹಾಕಿ ಬಂದುಬಿಡುತ್ತಾರೆ. ಮರಾಠಿ ಚೆನ್ನಾಗಿ ಓದಬಲ್ಲ ಮೊಮ್ಮಗನನ್ನೋ ಮೊಮ್ಮಗಳನ್ನೋ ಜೊತೆಗೆ ಕರೆದುಕೊಂಡು ಹೋಗಲಿ. ಯಾರೂ ಸಿಗದಿದ್ದರೆ ನಮ್ಮ ಕಚೇರಿಗೆ ಹೇಳಿ, ಒಬ್ಬರನ್ನು ಕಳಿಸುತ್ತೇವೆ. ಇನ್ನೊಂದು, ಸಿಸಿಟಿವಿಯ ಹಳೆಯ ದೃಶ್ಯಗಳು ಕೆಲವು ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತವೆ. ಆ ರಸ್ತೆಯಲ್ಲಿ ನಮ್ಮವರ ಹೋಟೆಲಿದ್ದರೆ ಇವತ್ತೇ ಹೋಗಿ ಕೇಳಿ. ಗಲ್ಲಾಪೆಟ್ಟಿಗೆಯ ಮೇಲಿನ ಕ್ಯಾಮೆರಾ ಎಷ್ಟೋ ಸಲ ರಸ್ತೆಯನ್ನೂ ಹಿಡಿದಿರುತ್ತದೆ.

ಈಗ ಆ ಮೆಸೇಜ್.

ಅದನ್ನು ಮತ್ತೆ ಮತ್ತೆ ಓದಿದೆ. ಗ್ಯಾಂಗ್ ಕಲ್ಯಾಣ್‌ನಲ್ಲಿ ಇಳಿದಿದೆ ಅನ್ನುತ್ತದೆ. ಯಾವತ್ತು ಅಂತ ಇಲ್ಲ. ಯಾವ ರಸ್ತೆ, ಯಾವ ಶಾಲೆ ಅಂತ ಇಲ್ಲ. ಯಾರ ಮಗು ಕಾಣೆಯಾಯಿತು, ನೋಡಿದವರು ಯಾರು, ಒಂದೂ ಇಲ್ಲ. ಇರುವುದು "ನಿಮ್ಮ ಮಕ್ಕಳ ಮೇಲೆ ಪ್ರೀತಿ ಇದ್ದರೆ ಎಲ್ಲರಿಗೂ ಕಳಿಸಿ" ಎಂಬ ಕೊನೆಯ ಸಾಲು. ಇದನ್ನು ಓದಿದ ತಾಯಿಗೆ ಮಗುವನ್ನು ಕಾಪಾಡಲು ಹೊಸದಾಗಿ ಏನೂ ಗೊತ್ತಾಗುವುದಿಲ್ಲ. ದಾರಿಯಲ್ಲಿ ಕಂಡ ಹೊಸ ಮುಖವನ್ನೆಲ್ಲ ಸಂಶಯದಿಂದ ನೋಡಲು ಶುರುಮಾಡುತ್ತಾಳೆ, ಅಷ್ಟೇ.

ಆ ಸಂಶಯ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಂಡಿವೆ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐದು ಜನರನ್ನು ಮಕ್ಕಳ ಕಳ್ಳರು ಅಂತ ಹೊಡೆದು ಕೊಂದರು. ಅವರು ಸೊಲ್ಲಾಪುರದ ಕಡೆಯಿಂದ ಭಿಕ್ಷೆಗೆ ಬಂದಿದ್ದ ಅಲೆಮಾರಿ ಜನ. ಅದೇ ತಿಂಗಳು ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಅನ್ನುವ ಕಾರಣಕ್ಕೆ ಹೈದರಾಬಾದಿನಿಂದ ಬಂದವರ ಬೆನ್ನಟ್ಟಿದರು. ಅವರಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತೇಹೋದರು. 2020ರ ಏಪ್ರಿಲ್ 16ರಂದು ಪಾಲ್ಘರ್ ಜಿಲ್ಲೆಯ ಗಡಚಿಂಚಲೆಯಲ್ಲಿ ಇಬ್ಬರು ಸಾಧುಗಳು ಮತ್ತು ಅವರ ಡ್ರೈವರ್. ಮೂರೂ ಕಡೆ ಮೊದಲು ಬಂದದ್ದು ವದಂತಿ. ಅದನ್ನು ಮುಂದೆ ಕಳಿಸಿದವರಲ್ಲಿ ಬಹಳ ಜನ ಒಳ್ಳೆಯವರೇ ಇದ್ದಿರಬೇಕು, ಮಕ್ಕಳ ಮೇಲಿನ ಕಾಳಜಿಯಿಂದಲೇ ಕಳಿಸಿರಬೇಕು. ಅದಕ್ಕೇ ನನಗೆ ಭಯ ಜಾಸ್ತಿ.

ನಿಜವಾಗಿ ಮಗು ಕಾಣದಿದ್ದರೆ ಒಂದು ನಿಮಿಷವೂ ಕಾಯಬೇಡಿ. 24 ಗಂಟೆ ಕಳೆದ ಮೇಲೇ ಕಂಪ್ಲೇಂಟ್ ತೆಗೆದುಕೊಳ್ಳುತ್ತಾರೆ ಎಂಬುದು ತಪ್ಪು ತಿಳಿವಳಿಕೆ. ಮಗು ಕಾಣೆಯಾದರೆ ಅಪಹರಣ ಎಂದೇ ಹಿಡಿದು ಎಫ್‌ಐಆರ್ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. 112 ಇದೆ, ಮಕ್ಕಳಿಗಾಗಿಯೇ 1098 ಇದೆ. ಕಣ್ಣೆದುರು ಕಳ್ಳತನ ಮಾಡಿದವನನ್ನು ಹಿಡಿಯಬಾರದಾ ಅಂತ ಕೇಳುವವರೂ ಇದ್ದಾರೆ. ಕಣ್ಣೆದುರೇ ಗಂಭೀರ ಅಪರಾಧ ನಡೆದರೆ ಸಾಮಾನ್ಯ ಜನರೂ ಹಿಡಿಯಬಹುದು, ಕಾನೂನಿನಲ್ಲಿ ಅವಕಾಶ ಇದೆ. ಆದರೆ ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಕೈ ಮಾಡಲು ಯಾರಿಗೂ ಹಕ್ಕಿಲ್ಲ.

ಹೊಸ ಮುಖ ಅಂದೆನಲ್ಲ, ಅದರ ಬಗ್ಗೆ ಒಂದು ಮಾತು. ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಮುಂಬಯಿಯ ಫೋರ್ಟ್ ಕಡೆಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದವರು. ಪಾಠ ಮುಗಿದ ಮೇಲೆ ಮಾಸಿದ ಅಂಗಿಯಲ್ಲಿ, ಭಾಷೆ ಸರಿಯಾಗಿ ಬಾರದ ಊರಿನಲ್ಲಿ ನಡೆದು ಹೋಗುತ್ತಿದ್ದರು. ಇವತ್ತಿನ ಸೊಸೈಟಿ ಗ್ರೂಪ್ ಆಗ ಇದ್ದಿದ್ದರೆ ಅವರ ಫೋಟೊ ಹಾಕಿ "ಅನುಮಾನಾಸ್ಪದ ವ್ಯಕ್ತಿ" ಅಂತ ಬರೆಯುತ್ತಿರಲಿಲ್ವಾ? ಹಾಗಾಗಿ ಡೆಲಿವರಿ ಹುಡುಗರು, ಕೂಲಿಯವರು, ಹಳೇ ಸಾಮಾನು ಕೊಳ್ಳುವ ಭಂಗಾರ್‌ವಾಲಾಗಳ ಫೋಟೊವನ್ನು ಈ ಪತ್ರಿಕೆ ಎಂದೂ ಹಾಕುವುದಿಲ್ಲ.

ಕಾವಲು ಬೇಡ ಅಂತಲ್ಲ. ಹೇಗಿರಬೇಕು ಎಂಬುದಕ್ಕೆ ನಿಮ್ಮ ಹತ್ತಿರದ ಭಿವಂಡಿಯೇ ಇದೆ. 1984ರ ಹಿಂದೂ-ಮುಸ್ಲಿಂ ಗಲಭೆಯಲ್ಲಿ ಸುಟ್ಟು ಹೋಗಿದ್ದ ಪವರ್‌ಲೂಮ್ ಊರು ಅದು. 1988ರಲ್ಲಿ ಪೊಲೀಸ್ ಡೆಪ್ಯುಟಿ ಕಮಿಷನರ್ ಆಗಿ ಬಂದ ಸುರೇಶ್ ಖೋಪಡೆ ಪ್ರತಿ ಮೊಹಲ್ಲಾದಲ್ಲೂ ಎರಡೂ ಧರ್ಮದ ಸಾಮಾನ್ಯ ಜನರನ್ನು ಪೊಲೀಸರ ಜೊತೆ ಕೂರಿಸಿ ಸಮಿತಿ ಮಾಡಿದರು. ಜಗಳ ಸಣ್ಣದಿರುವಾಗಲೇ ಅಲ್ಲಿ ಮಾತಿಗೆ ಬರುತ್ತಿತ್ತು. ವದಂತಿ ಬಂದರೆ ನಿಜವೋ ಸುಳ್ಳೋ ಅಂತ ಕೇಳಲು ಪರಿಚಯದ ಮುಖ ಇರುತ್ತಿತ್ತು. 1992-93ರಲ್ಲಿ ಮುಂಬಯಿ ಹೊತ್ತಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು. ಆಮೇಲೆ ಪೊಲೀಸ್ ಅಧಿಕಾರಿಗಳಾಗಿದ್ದ ಜೂಲಿಯೊ ರಿಬೇರೊ, ಸತೀಶ್ ಸಾಹ್ನಿ ಮುಂತಾದವರು ಮುಂಬಯಿಯಲ್ಲೂ ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ನಿಮ್ಮ ಸೊಸೈಟಿಯವರು ಒಂದು ಸಲ ನಿಮ್ಮ ಭಾಗದ ಬೀಟ್ ಪೊಲೀಸರನ್ನು ಮೀಟಿಂಗಿಗೆ ಕರೆಯಿರಿ. ಅವರ ನಂಬರ್ ಲಿಫ್ಟ್ ಪಕ್ಕದಲ್ಲಿ ಅಂಟಿಸಿ.

ಗೇಟಿನ ರಿಜಿಸ್ಟರನ್ನೂ ಒಮ್ಮೆ ತೆಗೆದು ನೋಡಿ. ಹೆಸರಿನ ಜಾಗದಲ್ಲಿ ಒಂದು ಗೀಟು, ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ, ಹೊರಗೆ ಹೋದ ಸಮಯದ ಕಾಲಂ ಪೂರ್ತಿ ಖಾಲಿ. ವಾಚ್‌ಮನ್ನನ್ನು ಬೈಯಬೇಡಿ. ಹನ್ನೆರಡು ಗಂಟೆಯ ಡ್ಯೂಟಿಯಲ್ಲಿ ಪಂಪ್ ಹಾಕುವುದು, ಕಾರಿಗೆ ಜಾಗ ಮಾಡುವುದು, ಪಾರ್ಸೆಲ್ ಹಿಡಿದಿಡುವುದು ಎಲ್ಲ ಅವನ ತಲೆಗೇ.

ನಮ್ಮ ಪುಟಕ್ಕೆ ಬರೆಯುವವರು ಎಲ್ಲಿ, ಯಾವತ್ತು, ಎಷ್ಟು ಹೊತ್ತಿಗೆ, ಸ್ವತಃ ನೋಡಿದವರು ಯಾರು, ಕಂಪ್ಲೇಂಟ್ ಆಗಿದೆಯಾ ಎಂದು ತಿಳಿಸಿ. ನೊಂದವರ ಹೆಸರು, ಫ್ಲಾಟ್ ನಂಬರ್ ಅಚ್ಚಾಗುವುದಿಲ್ಲ. ಫೋನಿನಲ್ಲಿ ಹಣ ಹೋದವರು ನಮಗೆ ಬರೆಯುವ ಮೊದಲು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಮಾಡಿದಷ್ಟೂ ಹಣ ದಾರಿಯಲ್ಲೇ ತಡೆಹಿಡಿಯುವ ಅವಕಾಶ ಜಾಸ್ತಿ. 'ಡಿಜಿಟಲ್ ಅರೆಸ್ಟ್' ಅಂತ ಹೆದರಿಸಿದರೆ ಫೋನ್ ಇಟ್ಟುಬಿಡಿ, ಅಂಥದ್ದೊಂದು ಕಾನೂನಿನಲ್ಲೇ ಇಲ್ಲ.

ಈ ಹೊಸ ಪುಟ ಮೊದಲ ಸಲ ಬೇಸಿಗೆ ರಜೆಗೆ ಮುಂಚೆ ಬರುತ್ತದೆ. ಮೇ ತಿಂಗಳಲ್ಲಿ ಮತ್ಸ್ಯಗಂಧ ರೈಲು ಹತ್ತಿ ಊರಿಗೆ ಹೊರಟರೆ ಇಡೀ ಮಹಡಿಯೇ ಖಾಲಿಯಾಗುವ ಬಿಲ್ಡಿಂಗ್‌ಗಳಿವೆ. ದುಬಾರಿ ಬೀಗ ತಂದು ಹಳೇ ಸಡಿಲ ಕೊಂಡಿಗೆ ಹಾಕಿ ಹೋಗುತ್ತೇವೆ. ಕಳ್ಳ ಮುರಿಯುವುದು ಕೊಂಡಿಯನ್ನು. ಹೊರಡುವ ಮೊದಲು ಬಡಗಿಯನ್ನು ಕರೆಸಿ ಅದನ್ನು ಗಟ್ಟಿ ಮಾಡಿಸಿ. ಹಾಲು, ಪೇಪರ್ ನಿಲ್ಲಿಸಿ. ಚಿನ್ನ ಲಾಕರಿಗೆ ಹೋಗಲಿ. ಎದುರು ಮನೆಯವರ ಹತ್ತಿರ ನಿಮ್ಮ ಊರಿನ ನಂಬರ್ ಇರಲಿ, ರೈಲು ಹತ್ತಿದ ಫೋಟೊ ಸ್ಟೇಟಸ್‌ಗೆ ಹಾಕುವುದನ್ನು ವಾಪಸ್ ಬಂದ ಮೇಲೆ ಇಟ್ಟುಕೊಳ್ಳಿ.

ಸಂಪಾದಕ